ಆಂಫಿಕಾರ್ ಕೂಟಗಳು

ಆಂಫಿಕಾರ್ ಕೂಟಗಳು ಎಂದರೆ 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯಲ್ಲಿ ತಯಾರಾದ ಆಂಫಿಕಾರ್ ಎಂಬ ಉಭಯಚರ ಕಾರುಗಳ ಮಾಲೀಕರು ಸರೋವರ ಅಥವಾ ನದಿಯ ದಡದಲ್ಲಿ ಒಟ್ಟುಗೂಡಿ, ತಮ್ಮ ವಾಹನಗಳನ್ನು ಸಾರ್ವಜನಿಕರ ಎದುರಿನಲ್ಲಿ ನೀರಿಗಿಳಿಸಿ ನಡೆಸುವ ಹವ್ಯಾಸಿ ಸಮಾವೇಶಗಳು. ಅಮೆರಿಕದಲ್ಲಿ ಇವನ್ನು ‘ಸ್ವಿಮ್-ಇನ್’ ಎಂದು ಕರೆಯುವ ರೂಢಿಯಿದೆ. ಒಹಾಯೊ ರಾಜ್ಯದ ಸಲೈನಾ ಪಟ್ಟಣದಲ್ಲಿ ಬೇಸಗೆಯ ಸರೋವರ ಉತ್ಸವದೊಂದಿಗೆ ನಡೆಯುವ ಕೂಟವು ಇವುಗಳಲ್ಲಿ ಹೆಸರಾದುದು.

ಹಳೆಯ ಕಾರುಗಳ ಇತರ ಪ್ರದರ್ಶನಗಳಲ್ಲಿ ವಾಹನಗಳು ಸಾಲಾಗಿ ನಿಂತಿರುತ್ತವೆ. ಜನರು ಅವುಗಳ ನಡುವೆ ಸುತ್ತಾಡಿ ನೋಡುತ್ತಾರೆ. ಆಂಫಿಕಾರ್ ಕೂಟದಲ್ಲಿ ಕಾರು ರಸ್ತೆಯನ್ನು ಬಿಟ್ಟು ನೀರನ್ನು ಸೇರುವ ಕ್ಷಣವೇ ಮುಖ್ಯ ಆಕರ್ಷಣೆ. ಆದ್ದರಿಂದ ಇಲ್ಲಿ ಪ್ರೇಕ್ಷಕರು ನಿಲ್ಲುವ ಸ್ಥಳ, ಅವರು ಕಾರನ್ನು ಮುಟ್ಟುವ ರೀತಿ, ದೋಣಿಯಲ್ಲಿ ಕುಳಿತು ನೋಡುವವರು ಕಾಯ್ದುಕೊಳ್ಳುವ ಅಂತರ ಇವೆಲ್ಲವೂ ವಾಹನದ ಮತ್ತು ಅದರಲ್ಲಿ ಕುಳಿತವರ ಸುರಕ್ಷತೆಯ ಮೇಲೆ ನೇರ ಪರಿಣಾಮ ಬೀರುತ್ತವೆ.

ಹಿನ್ನೆಲೆ

ಆಂಫಿಕಾರಿನ ವಿನ್ಯಾಸಕ ಹಾನ್ಸ್ ಟ್ರಿಪೆಲ್ (1908–2001). ಈತ 1930ರ ದಶಕದಿಂದಲೇ ನೆಲ ಮತ್ತು ನೀರು ಎರಡರಲ್ಲೂ ಚಲಿಸುವ ವಾಹನಗಳನ್ನು ನಿರ್ಮಿಸುತ್ತಿದ್ದನು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ, ಜರ್ಮನಿಯು ವಶಪಡಿಸಿಕೊಂಡಿದ್ದ ಫ್ರಾನ್ಸಿನ ಮೋಲ್ಸೈಮ್‌ನ ಬುಗಾಟಿ ಕಾರ್ಖಾನೆಯಲ್ಲಿ ಜರ್ಮನ್ ಸೇನೆಗಾಗಿ ಇಂತಹ ವಾಹನಗಳನ್ನು ತಯಾರಿಸಿದನು. ಯುದ್ಧಾನಂತರ ಫ್ರೆಂಚರ ಸೆರೆಯಲ್ಲಿದ್ದು ಬಿಡುಗಡೆಯಾದ ಮೇಲೆ ನಾಗರಿಕ ಬಳಕೆಗೆ ಯೋಗ್ಯವಾದ ಉಭಯಚರ ಕಾರೊಂದರ ಕಲ್ಪನೆಯನ್ನು ಮುಂದುವರಿಸಿದನು. ಕ್ವಾಂಟ್ ಉದ್ಯಮ ಸಮೂಹವು ಇದಕ್ಕೆ ಬಂಡವಾಳ ಹೂಡಿತು. ಕಾರುಗಳು ಲ್ಯೂಬೆಕ್ ಮತ್ತು ಬರ್ಲಿನ್ ನಗರಗಳಲ್ಲಿ ತಯಾರಾದವು.

1961ರಲ್ಲಿ ನ್ಯೂಯಾರ್ಕಿನ ಮೋಟಾರು ಪ್ರದರ್ಶನದಲ್ಲಿ ಈ ಕಾರು ಸಾರ್ವಜನಿಕರಿಗೆ ಪರಿಚಯವಾಯಿತು. 1968ರ ವೇಳೆಗೆ ಮಾರಾಟ ನಿಂತುಹೋಯಿತು. ಒಟ್ಟು ತಯಾರಾದ ಕಾರುಗಳ ಸಂಖ್ಯೆ 3,878. ಇವುಗಳಲ್ಲಿ ಬಹುಪಾಲು ಅಮೆರಿಕದಲ್ಲಿ ಮಾರಾಟವಾದವು. ಅಮೆರಿಕದ ಒಕ್ಕೂಟ ಸರ್ಕಾರವು 1968ರಿಂದ ಜಾರಿಗೆ ತಂದ ಹೊಗೆ ನಿಯಂತ್ರಣ ಮತ್ತು ಸುರಕ್ಷತಾ ನಿಯಮಗಳಿಗೆ ಈ ಕಾರು ಹೊಂದಿಕೊಳ್ಳದಿದ್ದುದರಿಂದ ಅದರ ಅತಿ ದೊಡ್ಡ ಮಾರುಕಟ್ಟೆಯೇ ಮುಚ್ಚಿಹೋಯಿತು.

1965ರಲ್ಲಿ ಎರಡು ಆಂಫಿಕಾರ್‌ಗಳು ಅಲಾಸ್ಕಾದ ಯೂಕಾನ್ ನದಿಯಲ್ಲಿ ಪಯಣಿಸಿದವು. ಅದೇ ದಶಕದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನೂ ಈ ಕಾರುಗಳು ದಾಟಿದವು. ಇಂತಹ ಸಾಹಸಗಳಿಂದ ಕಾರಿಗೆ ಪ್ರಚಾರ ದೊರೆಯಿತಾದರೂ ಮಾರಾಟ ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ. ತಯಾರಿಕೆ ನಿಂತ ಬಳಿಕ ಉಳಿದ ಬಿಡಿಭಾಗಗಳ ದಾಸ್ತಾನನ್ನು ಕ್ಯಾಲಿಫೋರ್ನಿಯಾದ ಗಾರ್ಡನ್ ಇಂಪೋರ್ಟ್ಸ್ ಎಂಬ ಸಂಸ್ಥೆಯು ಕೊಂಡುಕೊಂಡಿತು. ಕಾರುಗಳು ಇಂದಿಗೂ ಓಡುವ ಸ್ಥಿತಿಯಲ್ಲಿರಲು ಈ ದಾಸ್ತಾನು ಒಂದು ಮುಖ್ಯ ಕಾರಣ. ಮಾಲೀಕರ ಅಂತರರಾಷ್ಟ್ರೀಯ ಸಂಘವೊಂದು ಕೂಟಗಳನ್ನು ಸಂಯೋಜಿಸುವ ಕೆಲಸದಲ್ಲಿ ತೊಡಗಿದೆ.

ವಾಹನದ ರಚನೆ

ಪ್ರೇಕ್ಷಕರ ನಡವಳಿಕೆಯು ಈ ಕಾರಿನ ವಿಷಯದಲ್ಲಿ ಏಕೆ ಮುಖ್ಯವಾಗುತ್ತದೆ ಎಂಬುದನ್ನು ತಿಳಿಯಲು ಅದರ ರಚನೆಯ ಪರಿಚಯ ಅಗತ್ಯ.

ಆಂಫಿಕಾರ್ ಎರಡು ಬಾಗಿಲುಗಳ, ನಾಲ್ವರು ಕುಳಿತುಕೊಳ್ಳಬಹುದಾದ, ಮೇಲ್ಛಾವಣಿಯನ್ನು ಮಡಚಬಹುದಾದ ಉಕ್ಕಿನ ಕಾರು. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಕಾರಿನಲ್ಲಿ ಬಳಸುತ್ತಿದ್ದ 1147 ಸಿ.ಸಿ. ಎಂಜಿನ್ನನ್ನು ಇದರ ಹಿಂಭಾಗದಲ್ಲಿ ಅಳವಡಿಸಲಾಗಿದೆ. ಮಾಡೆಲ್ 770 ಎಂಬ ಹೆಸರಿನಲ್ಲಿರುವ ಅಂಕಿಗಳು ನೀರಿನಲ್ಲಿ 7 ನಾಟ್ (ಗಂಟೆಗೆ ಸುಮಾರು 13 ಕಿ.ಮೀ.) ಮತ್ತು ನೆಲದ ಮೇಲೆ 70 ಮೈಲಿ (ಸುಮಾರು 112 ಕಿ.ಮೀ.) ವೇಗವನ್ನು ಸೂಚಿಸುತ್ತವೆ. ಹಿಂಬದಿಯ ಬಂಪರಿನ ಕೆಳಗೆ ಎರಡು ಪ್ರೊಪೆಲ್ಲರ್‌ಗಳಿವೆ. ಚಕ್ರಗಳಿಗೂ ಪ್ರೊಪೆಲ್ಲರ್‌ಗಳಿಗೂ ಪ್ರತ್ಯೇಕ ಗೇರ್ ಸನ್ನೆಗಳಿರುವುದರಿಂದ ಎರಡನ್ನೂ ಒಟ್ಟಿಗೆ ತಿರುಗಿಸಲು ಸಾಧ್ಯ. ಪ್ರತ್ಯೇಕ ಚುಕ್ಕಾಣಿ ಇಲ್ಲ. ನೀರಿನಲ್ಲಿ ಮುಂದಿನ ಚಕ್ರಗಳೇ ಚುಕ್ಕಾಣಿಯ ಕೆಲಸ ಮಾಡುತ್ತವೆ. ಹೀಗಾಗಿ ಕಾರು ದೋಣಿಯಷ್ಟು ಚುರುಕಾಗಿ ತಿರುಗುವುದಿಲ್ಲ.

ಕಾರು ತೇಲುವಾಗ ಬಾಗಿಲುಗಳ ಕೆಳಭಾಗವು ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಆದಕಾರಣ ಬಾಗಿಲಿನ ಸುತ್ತ ರಬ್ಬರಿನ ಪಟ್ಟಿಯನ್ನು ಕೂರಿಸಿ, ಸಾಮಾನ್ಯ ಚಿಲಕದ ಜೊತೆಗೆ ಎರಡನೆಯ ಬಿಗಿ ಚಿಲಕವೊಂದನ್ನು ಒದಗಿಸಲಾಗಿದೆ. ಈ ಚಿಲಕವನ್ನು ಎಳೆದಾಗ ಬಾಗಿಲು ರಬ್ಬರಿಗೆ ಒತ್ತಿಕೊಂಡು ನೀರನ್ನು ತಡೆಯುತ್ತದೆ. ಒಡಲಿನ ತಳದಲ್ಲಿ ನೀರನ್ನು ಬಸಿಯುವ ಬಿರಡೆಯೂ, ಒಳಸೇರಿದ ನೀರನ್ನು ಹೊರಗೆಸೆಯುವ ಪಂಪೂ ಇವೆ. ಎಂಜಿನ್ನಿನ ಭಾರದಿಂದ ಹಿಂಭಾಗ ತಗ್ಗಿ, ಮುಂಭಾಗ ಎತ್ತರವಾಗಿ ನಿಲ್ಲುವುದು ತೇಲುವ ಆಂಫಿಕಾರಿನ ಗುರುತು. ನೀರಿನ ಮಟ್ಟಕ್ಕೂ ಒಡಲಿನ ಮೇಲಂಚಿಗೂ ನಡುವಣ ಅಂತರ ಕಡಿಮೆಯಾಗಿರುವುದು ಇದರ ಪ್ರಮುಖ ದೌರ್ಬಲ್ಯ.

ಕೂಟದ ಸ್ವರೂಪ

ಸಲೈನಾ ಪಟ್ಟಣವು ಗ್ರ್ಯಾಂಡ್ ಲೇಕ್ ಸೇಂಟ್ ಮೇರೀಸ್ ಎಂಬ ಸರೋವರದ ಪಶ್ಚಿಮ ದಂಡೆಯಲ್ಲಿದೆ. ಸುಮಾರು 13,500 ಎಕರೆ ವಿಸ್ತಾರದ ಈ ಕೃತಕ ಸರೋವರವನ್ನು 1837ರಿಂದ 1845ರ ಅವಧಿಯಲ್ಲಿ ಮಯಾಮಿ ಮತ್ತು ಈರಿ ಕಾಲುವೆಗೆ ನೀರೊದಗಿಸುವ ಸಲುವಾಗಿ ನಿರ್ಮಿಸಲಾಯಿತು. ಹರವು ದೊಡ್ಡದಾದರೂ ಸರೋವರದ ಆಳ ಕಡಿಮೆ, ನೀರು ಸಿಹಿನೀರು. ಉಪ್ಪುನೀರು ಉಕ್ಕಿನ ಒಡಲನ್ನು ಬೇಗನೆ ತುಕ್ಕು ಹಿಡಿಸುವುದರಿಂದ ಮಾಲೀಕರು ಕೂಟಗಳಿಗೆ ಸಾಮಾನ್ಯವಾಗಿ ಸಿಹಿನೀರಿನ ಸರೋವರಗಳನ್ನೇ ಆರಿಸಿಕೊಳ್ಳುತ್ತಾರೆ. 2010ರಲ್ಲಿ ಈ ಸರೋವರದಲ್ಲಿ ವಿಷಕಾರಿ ನೀಲಿ-ಹಸಿರು ಪಾಚಿ ವ್ಯಾಪಕವಾಗಿ ಹಬ್ಬಿ, ನೀರಿನ ಸಂಪರ್ಕವನ್ನು ತಪ್ಪಿಸುವಂತೆ ಸಾರ್ವಜನಿಕರಿಗೆ ಎಚ್ಚರಿಕೆ ನೀಡಲಾಗಿತ್ತು.

ಕೂಟಗಳ ಕಾರ್ಯಕ್ರಮಗಳಲ್ಲಿ ಬೀದಿ ಮೆರವಣಿಗೆ, ಸಾಮೂಹಿಕವಾಗಿ ನೀರಿಗಿಳಿಯುವುದು, ಸರೋವರದಲ್ಲಿ ಸಾಲಾಗಿ ಸಂಚರಿಸುವುದು, ಬಿಡಿಭಾಗಗಳ ವಿನಿಮಯ, ದುರಸ್ತಿಯ ಕುರಿತ ಮಾತುಕತೆ ಮೊದಲಾದವು ಸೇರಿರುತ್ತವೆ. ದೋಣಿಗಳನ್ನು ನೀರಿಗಿಳಿಸಲು ಕಟ್ಟಿರುವ ಕಾಂಕ್ರೀಟಿನ ಇಳಿಜಾರು (ರ‍್ಯಾಂಪ್) ಕೂಟದ ಕೇಂದ್ರಸ್ಥಾನ. ಇಳಿಯುವ ಮುನ್ನ ಚಾಲಕನು ಇಳಿಜಾರಿನ ಮೇಲ್ತುದಿಯಲ್ಲಿ ಕಾರನ್ನು ನಿಲ್ಲಿಸಿ, ತಳದ ಬಿರಡೆ ಭದ್ರವಾಗಿದೆಯೇ, ಎರಡೂ ಬಾಗಿಲುಗಳ ಬಿಗಿ ಚಿಲಕ ಬಿದ್ದಿದೆಯೇ, ಪಂಪು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುತ್ತಾನೆ. ಬಳಿಕ ಕಾರು ನೇರವಾಗಿ ನೀರಿಗೆ ಇಳಿಯುತ್ತದೆ. ಮೂತಿ ಒಮ್ಮೆ ತಗ್ಗಿ, ಎರಡೂ ಬದಿಗೆ ನೀರು ಚಿಮ್ಮಿ, ಮರುಕ್ಷಣದಲ್ಲಿ ಕಾರು ಮೇಲೆದ್ದು ತೇಲತೊಡಗುತ್ತದೆ. ದಡಕ್ಕೆ ಮರಳುವಾಗ ಪ್ರೊಪೆಲ್ಲರ್‌ಗಳು ತಿರುಗುತ್ತಿರುವಂತೆಯೇ ಚಕ್ರಗಳಿಗೂ ಮೊದಲ ಗೇರ್ ಹಾಕಲಾಗುತ್ತದೆ. ಟೈರುಗಳು ಕಾಂಕ್ರೀಟನ್ನು ಹಿಡಿದೊಡನೆ ಕಾರು ನೀರು ಸುರಿಸುತ್ತ ಮೇಲೇರುತ್ತದೆ.

ಯುರೋಪಿನಲ್ಲಿಯೂ ಇಂತಹ ಕೂಟಗಳು ನಡೆಯುತ್ತವೆ. ಅಲ್ಲಿ ಆಂಫಿಕಾರ್‌ಗಳೊಂದಿಗೆ ಯುದ್ಧಕಾಲದ ಫೋಕ್ಸ್‌ವ್ಯಾಗನ್ ಶ್ವಿಮ್‌ವ್ಯಾಗನ್ ಮೊದಲಾದ ಸೇನಾ ವಾಹನಗಳೂ ಪಾಲ್ಗೊಳ್ಳುವುದುಂಟು.

ಪ್ರೇಕ್ಷಕರ ವರ್ತನೆ

ಗಾಬರಿ ಮತ್ತು ಬೆರಗು

ಕೂಟದ ವಿಷಯ ತಿಳಿಯದೆ ಸರೋವರಕ್ಕೆ ಬಂದವರ ಮೊದಲ ಪ್ರತಿಕ್ರಿಯೆ ಸಾಮಾನ್ಯವಾಗಿ ಗಾಬರಿ. ಕಾರೊಂದು ನೀರಿನತ್ತ ಸಾಗುವುದನ್ನು ಕಂಡವರು ಚಾಲಕನು ಹಿಡಿತ ತಪ್ಪಿದ್ದಾನೆಂದು ಭಾವಿಸಿ ಕೂಗುವುದು, ಕೈಬೀಸಿ ತಡೆಯಲೆತ್ನಿಸುವುದು, ನೆರವಿಗಾಗಿ ಓಡಿಬರುವುದು ಉಂಟು. ಹೊರನೋಟಕ್ಕೆ ಆಂಫಿಕಾರ್ ಆ ಕಾಲದ ಒಂದು ಸಾಮಾನ್ಯ ತೆರೆದ ಕಾರಿನಂತೆ ಕಾಣುವುದೇ ಇದಕ್ಕೆ ಕಾರಣ. ಸೇನಾ ಉಭಯಚರ ವಾಹನಗಳ ಒಡಲು ದೋಣಿಯನ್ನು ಹೋಲುವುದರಿಂದ ಅವು ನೀರಿಗಿಳಿದರೆ ಜನರಿಗೆ ಇಷ್ಟು ಅಚ್ಚರಿಯಾಗುವುದಿಲ್ಲ.

ಕೂಟಗಳಲ್ಲಿ ಕಾರುಗಳು ಒಂದರ ಹಿಂದೊಂದು ಇಳಿಯುವುದರಿಂದ ಗಾಬರಿ ಬೇಗನೆ ಸಂಭ್ರಮವಾಗಿ ಮಾರ್ಪಡುತ್ತದೆ. ಮೊದಲ ಕಾರು ಇಳಿಯುವಾಗ ಗುಂಪು ಮೌನವಾಗಿರುತ್ತದೆ. ಅದು ತೇಲಿದ ಕೂಡಲೆ ಚಪ್ಪಾಳೆ ಏಳುತ್ತದೆ. ಹಲವು ಕಾರುಗಳು ಇಳಿದ ಮೇಲೆ ಪ್ರೇಕ್ಷಕರು ನೀರಿನ ಚಿಮ್ಮುವಿಕೆಯನ್ನು ಹೋಲಿಸಿ ನೋಡುವ ಹಂತಕ್ಕೆ ಬರುತ್ತಾರೆ. ಹೆಚ್ಚು ನೀರು ಚಿಮ್ಮಿಸುವ ಚಾಲಕನಿಗೆ ಹೆಚ್ಚು ಕೂಗು ದೊರೆಯುತ್ತದೆ. ಈ ಉತ್ತೇಜನವು ಚಾಲಕರನ್ನು ಅಗತ್ಯಕ್ಕಿಂತ ವೇಗವಾಗಿ ಇಳಿಯಲು ಪ್ರೇರೇಪಿಸಬಲ್ಲದು. ವೇಗ ಹೆಚ್ಚಾದಂತೆ ಒಡಲಿನ ಮೇಲೆ, ಬಾಗಿಲಿನ ರಬ್ಬರಿನ ಮೇಲೆ ಬೀಳುವ ಹೊಡೆತವೂ ಹೆಚ್ಚುತ್ತದೆ.

ಸಾಮಾನ್ಯ ಪ್ರಶ್ನೆಗಳು

ದಡದಲ್ಲಿ ಮಾಲೀಕರು ಎದುರಿಸುವ ಪ್ರಶ್ನೆಗಳು ಎಲ್ಲ ಕೂಟಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಲ್ಲಿ ಮುಖ್ಯವಾದವು:

• ಕಾರು ಸೋರುತ್ತದೆಯೇ? ಸುಸ್ಥಿತಿಯಲ್ಲಿರುವ ಕಾರಿನಲ್ಲಿಯೂ ಅಲ್ಪಸ್ವಲ್ಪ ನೀರು ಒಳಬರಬಹುದು; ಅದನ್ನು ಹೊರಹಾಕಲೆಂದೇ ಪಂಪು ಇದೆ.

• ನೀರಿನ ನಡುವೆ ಎಂಜಿನ್ ನಿಂತುಹೋದರೆ ಏನು ಗತಿ? ಬಹಳಷ್ಟು ಮಾಲೀಕರು ಹುಟ್ಟು ಮತ್ತು ಹಗ್ಗವನ್ನು ಜೊತೆಗಿರಿಸಿಕೊಳ್ಳುತ್ತಾರೆ. ಕೂಟಗಳಲ್ಲಿ ಕೆಟ್ಟುನಿಂತ ಕಾರನ್ನು ಮತ್ತೊಂದು ಆಂಫಿಕಾರ್ ದಡಕ್ಕೆ ಎಳೆದು ತರುವುದೂ ಉಂಟು.

• ಇದು ಕಾರೋ ದೋಣಿಯೋ? ಕಾನೂನಿನ ದೃಷ್ಟಿಯಲ್ಲಿ ಎರಡೂ ಹೌದು. ಅಮೆರಿಕದಲ್ಲಿ ಇವನ್ನು ರಸ್ತೆ ವಾಹನವಾಗಿಯೂ ದೋಣಿಯಾಗಿಯೂ ನೋಂದಾಯಿಸಬೇಕಾಗುತ್ತದೆ. ಆದ್ದರಿಂದ ಅನೇಕ ಕಾರುಗಳ ಮೂತಿಯ ಬದಿಯಲ್ಲಿ ದೋಣಿಯ ನೋಂದಣಿ ಸಂಖ್ಯೆಯೂ ಕಾಣುತ್ತದೆ.

• ಬೆಲೆ ಎಷ್ಟು? ಹೊಸದಾಗಿದ್ದಾಗ ಅಮೆರಿಕದಲ್ಲಿ ಇದರ ಬೆಲೆ ಸುಮಾರು 3,000 ಡಾಲರ್ ಆಸುಪಾಸಿನಲ್ಲಿತ್ತು. ಚೆನ್ನಾಗಿ ಪುನರುಜ್ಜೀವನಗೊಳಿಸಿದ ಕಾರುಗಳು ಈಗಿನ ಹರಾಜುಗಳಲ್ಲಿ ಅದರ ಹತ್ತು ಪಟ್ಟಿಗೂ ಮೀರಿದ ಬೆಲೆ ಪಡೆಯುತ್ತವೆ.

ಮುಟ್ಟಿ ನೋಡುವುದು

ಪ್ರೊಪೆಲ್ಲರ್‌ಗಳು ಬಂಪರಿನ ಕೆಳಗೆ ಮರೆಯಾಗಿರುವುದರಿಂದ ಪ್ರೇಕ್ಷಕರು ಕಾರಿನ ಹಿಂದೆ ಬಗ್ಗಿ ನೋಡುವುದು, ಮಕ್ಕಳು ಅವನ್ನು ಕೈಯಿಂದ ತಿರುಗಿಸಲೆತ್ನಿಸುವುದು ಸಾಮಾನ್ಯ ದೃಶ್ಯ. ಎಂಜಿನ್ ಚಾಲನೆಯಲ್ಲಿರುವಾಗ ಇದು ಅಪಾಯಕಾರಿ. ಬಾಗಿಲನ್ನು ತೆರೆದು ಮುಚ್ಚುವುದು, ಬಿಗಿ ಚಿಲಕವನ್ನು ಎಳೆದು ನೋಡುವುದು, ರಬ್ಬರಿನ ಪಟ್ಟಿಯನ್ನು ಒತ್ತುವುದು ನಿರುಪದ್ರವಿಯಾಗಿ ತೋರಿದರೂ, ಪಟ್ಟಿಯ ಮೇಲೆ ಸೇರಿಕೊಂಡ ಮರಳಿನ ಕಣ ಅಥವಾ ಅರ್ಧ ಬಿದ್ದ ಚಿಲಕ ನೀರು ಒಳನುಗ್ಗಲು ಸಾಕಾಗುತ್ತದೆ. ಆದ್ದರಿಂದ ಅನುಭವಿ ಮಾಲೀಕರು ಕಾರನ್ನು ಜನರ ನಡುವೆ ನಿಲ್ಲಿಸಿದ ಪ್ರತಿ ಬಾರಿಯೂ, ಐದು ನಿಮಿಷದ ಹಿಂದಷ್ಟೇ ಪರೀಕ್ಷಿಸಿದ್ದರೂ ಸಹ, ಬಿರಡೆ ಮತ್ತು ಚಿಲಕಗಳನ್ನು ಮೊದಲಿನಿಂದ ಪರೀಕ್ಷಿಸುತ್ತಾರೆ.

ಇಳಿಜಾರಿನ ಬಳಿಯ ದಟ್ಟಣೆ

ಉತ್ತಮ ಛಾಯಾಚಿತ್ರಕ್ಕಾಗಿ ಪ್ರೇಕ್ಷಕರು ಇಳಿಜಾರಿನ ಎರಡೂ ಬದಿಗಳಲ್ಲಿ, ಕೆಲವೊಮ್ಮೆ ಅದರ ನಡುವೆಯೇ ನಿಲ್ಲುತ್ತಾರೆ. ಪಾಚಿ ಕಟ್ಟಿದ ಒದ್ದೆ ಕಾಂಕ್ರೀಟಿನ ಮೇಲೆ ಜಾರಿ ಬೀಳುವ ಸಂಭವ ಒಂದೆಡೆಯಾದರೆ, ನೀರಿನಿಂದ ಮೇಲೇರುವ ಕಾರಿನ ಎದುರಿಗೆ ನಿಲ್ಲುವುದು ಇನ್ನೂ ಹೆಚ್ಚಿನ ಅಪಾಯ. ಆಂಫಿಕಾರಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳಿದ್ದು, ನೀರಿನಿಂದ ಹೊರಬಂದ ತಕ್ಷಣ ಅವು ಒದ್ದೆಯಾಗಿ ಸರಿಯಾಗಿ ಹಿಡಿಯುವುದಿಲ್ಲ. ಇಳಿಜಾರನ್ನು ಏರಲು ಎಂಜಿನ್ನಿನ ವೇಗವನ್ನು ಹೆಚ್ಚಿಸಿರುವ ಚಾಲಕನು ಮೇಲ್ತುದಿಯಲ್ಲಿ ಗುಂಪನ್ನು ಕಂಡು ಥಟ್ಟನೆ ನಿಲ್ಲಿಸಲೆತ್ನಿಸಿದರೂ ಕಾರು ನಿರೀಕ್ಷಿಸಿದಲ್ಲಿ ನಿಲ್ಲದಿರಬಹುದು.

ಸಾರ್ವಜನಿಕ ಇಳಿಜಾರನ್ನು ಮೀನುಗಾರರು ಮತ್ತು ಇತರ ದೋಣಿಗಳವರೂ ಬಳಸುತ್ತಾರೆ. ಪ್ರೇಕ್ಷಕರ ದಟ್ಟಣೆಯಿಂದ ಅವರ ದೋಣಿಗಳು ಕಾಯಬೇಕಾದಾಗ ಅಸಮಾಧಾನ ಉಂಟಾಗುವುದು ಸಹಜ. ಕೂಟಗಳು ಸ್ಥಳೀಯರ ಸದ್ಭಾವನೆಯನ್ನು ಅವಲಂಬಿಸಿರುವುದರಿಂದ, ನಿಗದಿತ ವೇಳೆಯಲ್ಲಿ ಒಟ್ಟಾಗಿ ಇಳಿದು ಇಳಿಜಾರನ್ನು ಬೇಗನೆ ತೆರವುಗೊಳಿಸುವುದು ಒಳ್ಳೆಯ ಪದ್ಧತಿಯೆನಿಸಿದೆ.

ನೀರಿನ ಮೇಲಿನ ಪ್ರೇಕ್ಷಕರು

ದಡದಲ್ಲಿರುವ ಗುಂಪಿಗಿಂತ ಮೋಟಾರು ದೋಣಿಗಳಲ್ಲಿ ಬರುವ ಕುತೂಹಲಿಗಳಿಂದಲೇ ತೇಲುವ ಆಂಫಿಕಾರಿಗೆ ಹೆಚ್ಚಿನ ಅಪಾಯವಿದೆ. ಕಾರನ್ನು ಸಮೀಪದಿಂದ ನೋಡಲು ವೇಗವಾಗಿ ಬಂದು, ಪಕ್ಕದಲ್ಲಿ ತಿರುಗಿ, ಚಿತ್ರ ತೆಗೆದು ಹೊರಡುವ ದೋಣಿಯು ತನ್ನ ಹಿಂದೆ ಅಲೆಗಳನ್ನು ಎಬ್ಬಿಸುತ್ತದೆ. ಎತ್ತರದ ಅಂಚಿರುವ ದೋಣಿಗೆ ಲೆಕ್ಕಕ್ಕೇ ಬಾರದ ಅಲೆಯು ಆಂಫಿಕಾರಿನ ತಗ್ಗಿದ ಹಿಂಭಾಗದ ಮೇಲೆ ಹಾಯಬಹುದು. ಎಂಜಿನ್ನಿಗೆ ಗಾಳಿಯೊದಗಿಸುವ ಕಂಡಿಗಳು ಹಿಂದಿನ ಮುಚ್ಚಳದಲ್ಲಿಯೇ ಇವೆ. ಕಾರು ನಿಧಾನವಾಗಿ ತಿರುಗುವುದರಿಂದ ಬರುತ್ತಿರುವ ಅಲೆಗೆ ಮೂತಿಯೊಡ್ಡಿ ನಿಲ್ಲಲು ಚಾಲಕನಿಗೆ ಹಲವೊಮ್ಮೆ ಸಮಯ ಸಿಗುವುದಿಲ್ಲ. ಸ್ನೇಹದಿಂದ ಕೈಬೀಸಲು ಬಂದವರೇ ಅರಿವಿಲ್ಲದೆ ಅಪಾಯ ತಂದೊಡ್ಡುವುದು ಈ ಸನ್ನಿವೇಶದ ವೈಶಿಷ್ಟ್ಯ. ವೇಗವನ್ನು ಮೊದಲೇ ತಗ್ಗಿಸಿ, ದೂರದಿಂದ ನೋಡಿ, ದೂರ ಸರಿದ ಬಳಿಕವೇ ಮತ್ತೆ ವೇಗ ಹೆಚ್ಚಿಸುವುದು ಸರಿಯಾದ ಕ್ರಮ.

ಪ್ರಯಾಣಿಕರಾಗುವ ಪ್ರೇಕ್ಷಕರು

ಪ್ರೇಕ್ಷಕರನ್ನು ಕೂರಿಸಿಕೊಂಡು ಸರೋವರದಲ್ಲಿ ಒಂದು ಸುತ್ತು ಹಾಕಿಸುವುದು ಅನೇಕ ಮಾಲೀಕರ ರೂಢಿ. ಇಂತಹ ಪ್ರಯಾಣಿಕರಿಗೆ ಜೀವರಕ್ಷಕ ಕವಚವನ್ನು ತೊಡಿಸಿ, ನೀರಿನಲ್ಲಿರುವಾಗ ಬಾಗಿಲನ್ನು ಯಾವ ಕಾರಣಕ್ಕೂ ತೆರೆಯಬಾರದೆಂದು ಮುಂಚಿತವಾಗಿ ಹೇಳುವುದು ಅವಶ್ಯಕ. ಕಾರಿನಲ್ಲಿ ಕುಳಿತವನಿಗೆ ಗಾಬರಿಯಾದಾಗ ಕೈ ತಾನಾಗಿಯೇ ಬಾಗಿಲಿನ ಹಿಡಿಯತ್ತ ಹೋಗುತ್ತದೆ. ರಸ್ತೆಯಲ್ಲಿ ಜೀವ ಉಳಿಸಬಹುದಾದ ಈ ಅಭ್ಯಾಸವೇ ನೀರಿನಲ್ಲಿ ಕಾರನ್ನು ಮುಳುಗಿಸಬಲ್ಲದು.

ಇದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಅಧ್ಯಕ್ಷ ಲಿಂಡನ್ ಬಿ. ಜಾನ್ಸನ್‌ಗೆ ಸಂಬಂಧಿಸಿದ್ದು. ಟೆಕ್ಸಾಸಿನ ತಮ್ಮ ಜಾನುವಾರು ಕ್ಷೇತ್ರದಲ್ಲಿ ನೀಲಿ ಬಣ್ಣದ ಆಂಫಿಕಾರ್ ಇಟ್ಟುಕೊಂಡಿದ್ದ ಜಾನ್ಸನ್, ವಿಷಯ ತಿಳಿಯದ ಅತಿಥಿಗಳನ್ನು ಕೂರಿಸಿಕೊಂಡು, ಬ್ರೇಕ್ ಕೈಕೊಟ್ಟಿತೆಂದು ಕೂಗುತ್ತ ಇಳಿಜಾರಿನಿಂದ ನೇರ ಕೆರೆಗೆ ಕಾರನ್ನು ಇಳಿಸುತ್ತಿದ್ದರು. ಅವರ ಸಹಾಯಕರಾಗಿದ್ದ ಜೋಸೆಫ್ ಕ್ಯಾಲಿಫಾನೊ ಈ ತಮಾಷೆಗೆ ಗುರಿಯಾದವರಲ್ಲಿ ಒಬ್ಬರು; ಆ ಕ್ಷಣದಲ್ಲಿ ಕಾರಿನಿಂದ ಹೊರಬೀಳಲು ತಾವು ಯತ್ನಿಸಿದ್ದನ್ನೂ, ಅಧ್ಯಕ್ಷರ ಪ್ರಾಣದ ಚಿಂತೆಯೇ ಇಲ್ಲವೆಂದು ಜಾನ್ಸನ್ ಛೇಡಿಸಿದ್ದನ್ನೂ ಅವರು ನೆನಪಿಸಿಕೊಂಡಿದ್ದಾರೆ. ಆ ಕಾರು ಇಂದು ಜಾನ್ಸನ್ ಹೆಸರಿನ ರಾಷ್ಟ್ರೀಯ ಐತಿಹಾಸಿಕ ಉದ್ಯಾನದಲ್ಲಿ ಪ್ರದರ್ಶನಕ್ಕಿದೆ.

ಸುರಕ್ಷತೆ

ಹಳೆಯ ಉಭಯಚರ ವಾಹನಗಳಲ್ಲಿ ಸಾರ್ವಜನಿಕರನ್ನು ಕರೆದೊಯ್ಯುವುದರ ಅಪಾಯವನ್ನು ಯುದ್ಧಕಾಲದ ‘ಡಕ್’ ವಾಹನಗಳ ದುರಂತಗಳು ತೋರಿಸಿಕೊಟ್ಟಿವೆ. 1999ರ ಮೇ 1ರಂದು ಅರ್ಕಾನ್ಸಾಸ್ ರಾಜ್ಯದ ಹ್ಯಾಮಿಲ್ಟನ್ ಸರೋವರದಲ್ಲಿ ‘ಮಿಸ್ ಮೆಜೆಸ್ಟಿಕ್’ ಎಂಬ ಪ್ರವಾಸಿ ವಾಹನ ಮುಳುಗಿ 13 ಮಂದಿ ಮೃತಪಟ್ಟರು. ಒಳನುಗ್ಗಿದ ನೀರನ್ನು ತಾಳಿಕೊಂಡು ತೇಲುವ ಮೀಸಲು ಸಾಮರ್ಥ್ಯ ಇಲ್ಲದಿದ್ದುದು ಹಾಗೂ ಮೇಲಿನ ಛಾವಣಿ ಪ್ರಯಾಣಿಕರು ಹೊರಬರಲು ತಡೆಯಾದುದು ತನಿಖೆಯಲ್ಲಿ ಗುರುತಿಸಲಾದ ಕಾರಣಗಳಲ್ಲಿ ಸೇರಿದ್ದವು. 2018ರ ಜುಲೈ 19ರಂದು ಮಿಸೌರಿ ರಾಜ್ಯದ ಟೇಬಲ್ ರಾಕ್ ಸರೋವರದಲ್ಲಿ ಬಿರುಗಾಳಿಗೆ ಸಿಕ್ಕಿದ ಮತ್ತೊಂದು ವಾಹನ ಮುಳುಗಿ, ಅದರಲ್ಲಿದ್ದ 31 ಜನರ ಪೈಕಿ 17 ಮಂದಿ ಸಾವಿಗೀಡಾದರು.

ಆಂಫಿಕಾರ್ ಇವುಗಳಿಗಿಂತ ಬಹಳ ಚಿಕ್ಕದು. ಛಾವಣಿಯನ್ನು ಮಡಚಿದಾಗ ಅದರಿಂದ ಹೊರಬರುವುದು ಸುಲಭ. ಆದರೂ ಅಂಚಿನ ಎತ್ತರ ಕಡಿಮೆಯಿರುವ, ಒಳಬರುವ ನೀರನ್ನು ಪಂಪಿನಿಂದಲೇ ನಿಭಾಯಿಸಬೇಕಾದ ವಾಹನ ಎಂಬ ಮಾತು ಇದಕ್ಕೂ ಅನ್ವಯಿಸುತ್ತದೆ. ಗಾಳಿ ಜೋರಾದಾಗ ಇಳಿಯದಿರುವುದು, ನಾಲ್ವರಿಗಿಂತ ಹೆಚ್ಚು ಜನರನ್ನು ಕೂರಿಸದಿರುವುದು, ನೀರಿನಲ್ಲಿ ಛಾವಣಿಯನ್ನು ಮಡಚಿಡುವುದು, ಒಬ್ಬಂಟಿಯಾಗಿ ದೂರ ಹೋಗದಿರುವುದು ಇದಕ್ಕೆ ತಕ್ಕ ಮುನ್ನೆಚ್ಚರಿಕೆಗಳು.

ಸಂರಕ್ಷಣೆ

ನೀರಿನಲ್ಲಿ ಕೆಲವು ಗಂಟೆ ಸಂಚರಿಸಿದ ಮೇಲೆ ಕಾರಿನ 13 ಸ್ಥಾನಗಳಿಗೆ ಗ್ರೀಸ್ ತುಂಬಬೇಕಾಗುತ್ತದೆ. ಇವುಗಳಲ್ಲಿ ಒಂದನ್ನು ತಲುಪಲು ಹಿಂದಿನ ಆಸನವನ್ನೇ ಕಳಚಬೇಕು. ಒಡಲಿನ ಮಡಿಕೆಗಳಲ್ಲಿ ತೇವ ಉಳಿದರೆ ಉಕ್ಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೀಗಾಗಿ ಬಹಳ ಕಾಲ ನೀರಿಗಿಳಿಸದೆ ಮನೆಯಲ್ಲಿಟ್ಟ ಕಾರುಗಳೂ ಇವೆ. ಆದರೆ ಅಂತಹ ಕಾರಿನ ರಬ್ಬರು ಒಣಗಿ ಬಿರಿಯುವುದರಿಂದ ಅದನ್ನು ಪೂರ್ವಸಿದ್ಧತೆಯಿಲ್ಲದೆ ನೀರಿಗಿಳಿಸುವುದು ಸುರಕ್ಷಿತವಲ್ಲ. ತಯಾರಕ ಸಂಸ್ಥೆಯೇ ಇಲ್ಲದಿರುವಾಗ, ಯಾವ ರಬ್ಬರು ಎಷ್ಟು ವರ್ಷ ಬಾಳುತ್ತದೆ, ಯಾವ ಬೆಸುಗೆ ಮೊದಲು ಬಿಡುತ್ತದೆ ಎಂಬ ಪ್ರಾಯೋಗಿಕ ಜ್ಞಾನ ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ದಾಟುವುದು ಮುಖ್ಯವಾಗಿ ಕೂಟಗಳಲ್ಲಿಯೇ.

ಕೂಟಗಳ ಹೊರಗೆ, ಫ್ಲಾರಿಡಾದ ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ 2015ರಲ್ಲಿ ಆರಂಭವಾದ ‘ದ ಬೋಟ್‌ಹೌಸ್’ ಉಪಾಹಾರ ಗೃಹವು ಶುಲ್ಕ ಪಡೆದು ಆಂಫಿಕಾರ್ ಸವಾರಿಯನ್ನು ಒದಗಿಸುತ್ತದೆ. ಅಲ್ಲಿ ಸಂಸ್ಥೆಯ ಚಾಲಕರೇ ಕಾರನ್ನು ನಡೆಸುತ್ತಾರೆ.

ಇವನ್ನೂ ನೋಡಿ

• ಉಭಯಚರ ವಾಹನ
• ಫೋಕ್ಸ್‌ವ್ಯಾಗನ್ ಶ್ವಿಮ್‌ವ್ಯಾಗನ್
• ಹಾನ್ಸ್ ಟ್ರಿಪೆಲ್
• ಗ್ರ್ಯಾಂಡ್ ಲೇಕ್ ಸೇಂಟ್ ಮೇರೀಸ್
• ಟ್ರಯಂಫ್ ಹೆರಾಲ್ಡ್